ಕರ್ನಾಟಕದ ಮ್ಯಾಂಚೆಸ್ಟರ್‌ನಿಂದ ಅಸಲಿ ಮ್ಯಾಂಚೆಸ್ಟರ್‌ಗೆ

ಈ ಸಲ ಬಂದ ಪ್ರಶ್ನೆಗಳೆಲ್ಲ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ಅಲ್ಲಿನ ಗೇ ವಿಲೇಜ್ (ಕೆನಾಲ್ ಸ್ಟ್ರೀಟ್ ಸುತ್ತಲಿನ ಗೇ ಬಾರ್, ಕ್ಲಬ್‌ಗಳ ಪ್ರದೇಶ) ಕುರಿತವು. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನಗೆ 31 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನ ಐಟಿ ಕಂಪನಿಯಲ್ಲಿ. ಪ್ರಾಜೆಕ್ಟ್ ಮೇಲೆ ಒಂದೂವರೆ ತಿಂಗಳು ಮ್ಯಾಂಚೆಸ್ಟರ್‌ಗೆ ಕಳಿಸುತ್ತಿದ್ದಾರೆ. ನಾನು ಗೇ ಅನ್ನುವುದು ಮನೆಯಲ್ಲೂ ಗೊತ್ತಿಲ್ಲ, ಆಫೀಸಿನಲ್ಲೂ ಗೊತ್ತಿಲ್ಲ. ಈವರೆಗೆ ಒಂದು ಗೇ ಬಾರ್‌ಗೂ ಕಾಲಿಟ್ಟವನಲ್ಲ. ಅಲ್ಲಿ ಕೆನಾಲ್ ಸ್ಟ್ರೀಟ್ ಅಂತ ಇಡೀ ಬೀದಿಯೇ ಇದೆಯಂತೆ. ಒಬ್ಬನೇ ಹೋಗಬಹುದೇ? ಜೊತೆಗೆ ಬರುವ ಕನ್ನಡದವರ ಕಣ್ಣಿಗೆ ಬಿದ್ದರೆ ಏನು ಗತಿ?

ಉತ್ತರ: ಧಾರಾಳವಾಗಿ ಹೋಗಿ. ಆದರೆ ಮೊದಲ ಭೇಟಿ ಶನಿವಾರ ರಾತ್ರಿ ಬೇಡ. ವಾರದ ಮಧ್ಯೆ ಆಫೀಸ್ ಮುಗಿದ ಮೇಲೆ, ಬೆಳಕಿರುವಾಗಲೇ ಹೋಗಿ. ಪಿಕಡಿಲಿ ರೈಲ್ವೆ ಸ್ಟೇಷನ್‌ನಿಂದ ಐದು ನಿಮಿಷದ ನಡಿಗೆ. ಒಂದು ಬದಿಗೆ ಕೆಂಪು ಇಟ್ಟಿಗೆಯ ಕಟ್ಟಡಗಳ ಸಾಲು, ಇನ್ನೊಂದು ಬದಿಗೆ ಮೋಟು ಗೋಡೆ, ಅದರಾಚೆ 1804ರಲ್ಲಿ ತೆರೆದ ರಾಚ್‌ಡೇಲ್ ಕಾಲುವೆ. ಹತ್ತಿ ವ್ಯಾಪಾರ ಕುಸಿದು ಸುತ್ತಲಿನ ಗೋದಾಮುಗಳು ಖಾಲಿಯಾದಾಗ ಇಲ್ಲಿ ಬಾಡಿಗೆ ಕಡಿಮೆ, ಕತ್ತಲೆ ಜಾಸ್ತಿ. ಯಾರ ಕಣ್ಣಿಗೂ ಬೀಳಬಾರದು ಅನ್ನುವವರಿಗೆ ಬೇಕಾದದ್ದೂ ಅದೇ. (ಮಿಲ್‌ಗಳು ಹೋದ ಮೇಲೆ ನಿಮ್ಮೂರಿಗೆ ಬೆಣ್ಣೆ ದೋಸೆ ಉಳಿಯಿತು, ಅವರಿಗೆ ಕೆನಾಲ್ ಸ್ಟ್ರೀಟ್ ಉಳಿಯಿತು.)

1967ರಲ್ಲಿ ಗಂಡಸರ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಕಾನೂನು ಸಡಿಲವಾಯಿತು ಅನ್ನುತ್ತಾರೆ. ಸಡಿಲವಾದದ್ದು 21 ತುಂಬಿದ ಗಂಡಸರಿಗೆ, ಅದೂ ನಾಲ್ಕು ಗೋಡೆಯೊಳಗೆ ಮಾತ್ರ. ಬೀದಿಯಲ್ಲಿ ಪೊಲೀಸರ ಕಾಟ ತಪ್ಪಲಿಲ್ಲ. 1986ರಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥ ಜೇಮ್ಸ್ ಆ್ಯಂಡರ್ಟನ್, ಏಡ್ಸ್ ಬಂದವರು ತಾವೇ ತೋಡಿಕೊಂಡ ಕೊಚ್ಚೆಗುಂಡಿಯಲ್ಲಿದ್ದಾರೆ ಎಂಬ ಅರ್ಥದಲ್ಲಿ ಬಹಿರಂಗವಾಗಿಯೇ ಮಾತಾಡಿದರು. 1988ರಲ್ಲಿ ಶಾಲೆ, ನಗರಸಭೆಗಳು ಸಲಿಂಗ ಪ್ರೀತಿಯನ್ನು 'ಪ್ರೋತ್ಸಾಹಿಸಬಾರದು' ಎಂಬ ಸೆಕ್ಷನ್ 28 ಬಂತು. ಅದರ ವಿರುದ್ಧ ಆ ವರ್ಷ ಫೆಬ್ರುವರಿಯಲ್ಲಿ ಸಾವಿರಾರು ಜನ ಇದೇ ಊರಿನಲ್ಲಿ ಮೆರವಣಿಗೆ ಹೊರಟರು. ಆಗಿನ ಗೇ ಪಬ್ ಅಂದರೆ ಕಿಟಕಿಗೆ ಕಪ್ಪು ಬಳಿದುಕೊಂಡು, ಬಾಗಿಲು ಮುಚ್ಚಿಕೊಂಡು ನಡೆಸುವ ಜಾಗ. 1990ರಲ್ಲಿ ಮ್ಯಾಂಟೊ ಎಂಬ ಬಾರ್ ಶುರುವಾದಾಗ ಅದರ ಮಾಲೀಕರು ಬೀದಿಗೆ ಮುಖಮಾಡಿ ದೊಡ್ಡ ದೊಡ್ಡ ಗಾಜು ಹಾಕಿಸಿದರು. ಒಳಗೆ ಕೂತವರು ಹೊರಗಿನವರಿಗೆ ಕಾಣಬೇಕು, ಲೆಕ್ಕ ಇಷ್ಟೇ. ಮ್ಯಾಂಟೊ ಈಗ ಇಲ್ಲ, ಆದರೆ ಬೀದಿಯ ಚಹರೆ ಬದಲಾದದ್ದು ಅಲ್ಲಿಂದಲೇ.

ನಿಮ್ಮ ಭಯಕ್ಕೆ ಉತ್ತರವೂ ಆ ಗಾಜಿನಲ್ಲೇ ಇದೆ. ಇವತ್ತು ಅಲ್ಲಿ ಕೂತವರೆಲ್ಲ ಗೇ ಅಲ್ಲ. ಆಫೀಸ್ ಬಿಟ್ಟು ಬಂದವರು, ಪ್ರವಾಸಿಗರು, ಮದುವೆಗೆ ಮುಂಚೆ ಗೆಳತಿಯರ ದಂಡು ಕಟ್ಟಿಕೊಂಡು ಬರುವ ಮದುಮಗಳಂದಿರು, ಎಲ್ಲರೂ ಇರುತ್ತಾರೆ. (ಆ ದಂಡುಗಳ ಗಲಾಟೆ ಅತಿಯಾಯಿತು ಅಂತ ಅಲ್ಲಿನ ಗೇ ಜನರದ್ದೇ ಗೊಣಗಾಟ. ನನಗೂ ಹಾಗೇ ಅನ್ನಿಸುತ್ತದೆ.) ಹಾಗಾಗಿ ಸಹೋದ್ಯೋಗಿ ಎದುರಾದರೆ, ಅವರು ಅಲ್ಲಿಗೆ ಯಾಕೆ ಬಂದರೋ ನೀವೂ ಅದಕ್ಕೇ ಬಂದಿರಿ.

ಗುಟ್ಟು ರಟ್ಟಾಗುವುದು ಬೀದಿಯಲ್ಲಲ್ಲ, ಮೊಬೈಲಿನಲ್ಲಿ. ಅಕ್ಕನಿಗೋ ಅಮ್ಮನಿಗೋ ಗೂಗಲ್ ಫೋಟೋಸ್‌ನಲ್ಲಿ ಆಲ್ಬಮ್ ಹಂಚಿ ಮರೆತಿರುತ್ತೀರಿ, ಮೊದಲು ಅದನ್ನು ನಿಲ್ಲಿಸಿ. ಇನ್‌ಸ್ಟಾದಲ್ಲಿ ಲೊಕೇಶನ್ ಹಾಕಬೇಡಿ. ಕಂಪನಿ ಕೊಟ್ಟ ಕಾರ್ಡ್ ಉಜ್ಜಬೇಡಿ, ಸ್ಟೇಟ್‌ಮೆಂಟಿನಲ್ಲಿ ಬಾರ್ ಹೆಸರು ಬಂದರೆ ಅಕೌಂಟ್ಸ್‌ನವರಿಗೆ ಬೇರೆ ಪುರಾವೆ ಬೇಕಿಲ್ಲ.

ಒಳಗೆ ಹೋದ ಮೇಲೆ ಮಾಣಿ ಬರಲಿ ಅಂತ ಟೇಬಲ್‌ನಲ್ಲಿ ಕಾಯಬೇಡಿ. ಪಬ್‌ಗಳಲ್ಲಿ ಸಾಮಾನ್ಯವಾಗಿ ಕೌಂಟರ್‌ಗೆ ಹೋಗಿ ಹೇಳಿ, ಅಲ್ಲೇ ದುಡ್ಡು ಕೊಟ್ಟು, ಗ್ಲಾಸ್ ತಾವೇ ಹಿಡಿದುಕೊಂಡು ಬರುವುದು ರೂಢಿ. ಒಬ್ಬರೇ ಹೋದವರಿಗೆ ಕೌಂಟರ್ ಪಕ್ಕದ ಸ್ಟೂಲೇ ಒಳ್ಳೆಯದು, ಮಾತು ತಾನಾಗಿ ಹುಟ್ಟುತ್ತದೆ. ಕುಣಿಯಬೇಕು ಅನ್ನಿಸಿದ ದಿನ ಕ್ರೂಜ್ 101 ಇದೆ. ಪ್ರಿನ್ಸೆಸ್ ಸ್ಟ್ರೀಟ್‌ನ 101ನೇ ನಂಬರಿನ ಕಟ್ಟಡ, 90ರ ದಶಕದಿಂದ ನಡೆಯುತ್ತಿರುವ ಕ್ಲಬ್. ಅಲ್ಲಿನ ಬಾರ್‌ಗಳು ಮುಚ್ಚುವುದು, ಹೆಸರು ಬದಲಿಸುವುದು ಮಾಮೂಲು, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಕುಡಿದ ಮೇಲೆ ಆ ಮೋಟು ಗೋಡೆಯ ಮೇಲೆ ಕೂರಬೇಡಿ, ಕಾಲುವೆ ದಂಡೆಯ ದಾರಿ ಹಿಡಿಯಬೇಡಿ. ನೀರು ಕೊರೆಯುವಷ್ಟು ತಣ್ಣಗಿರುತ್ತದೆ, ಬಿದ್ದವರು ಸತ್ತದ್ದಿದೆ. ವಾಪಸ್ ಹೋಗಲು ಕಪ್ಪು ಟ್ಯಾಕ್ಸಿಗೆ ಕೈ ಅಡ್ಡ ಹಾಕಬಹುದು. ಉಳಿದ ಬಾಡಿಗೆ ಕಾರುಗಳನ್ನು ಮೊದಲೇ ಬುಕ್ ಮಾಡಬೇಕು, ಬುಕ್ ಮಾಡದ ಕಾರು ಎದುರು ಬಂದು ನಿಂತರೆ ಹತ್ತಬೇಡಿ.

ಪ್ರಶ್ನೆ: ನಾವಿಬ್ಬರು ಗಂಡಸರು, ಮೈಸೂರಿನಲ್ಲಿ ಒಟ್ಟಿಗೆ ಇದ್ದೇವೆ. ರಜೆಗೆ ಹೋಗುವ ಆಸೆ. ಹೋಟೆಲಿನಲ್ಲಿ ಒಂದೇ ಮಂಚದ ರೂಮು ಕೇಳಿದರೆ ರಗಳೆಯೇ? ದುಬೈ ಮೇಲೆ ಟಿಕೆಟ್ ಅಗ್ಗ ಇದೆ.

ಉತ್ತರ: ಇಲ್ಲಿನ ಅಭ್ಯಾಸಬಲದಿಂದ 'ಟ್ವಿನ್' (ಎರಡು ಮಂಚ) ಒತ್ತಿಬಿಡಬೇಡಿ, 'ಡಬಲ್' (ಒಂದೇ ದೊಡ್ಡ ಮಂಚ) ಅಂತಲೇ ಬುಕ್ ಮಾಡಿ. ಅಲ್ಲಿ ರೂಮು ನಿರಾಕರಿಸುವುದೇ ಕಾನೂನುಬಾಹಿರ. ಕಾರ್ನ್‌ವಾಲ್‌ನಲ್ಲಿ ದಂಪತಿಯೊಬ್ಬರು ಧರ್ಮದ ಹೆಸರು ಹೇಳಿ ಗೇ ಜೋಡಿಗೆ ಡಬಲ್ ರೂಮು ಕೊಡಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2013ರಲ್ಲಿ ಹೋಟೆಲಿನವರೇ ಸೋತರು. ನಿದ್ದೆ ಬೇಕಿದ್ದರೆ ಕೆನಾಲ್ ಸ್ಟ್ರೀಟ್ ಮೇಲೆಯೇ ಉಳಿಯಬೇಡಿ, ವಾರಾಂತ್ಯದಲ್ಲಿ ನಸುಕಿನವರೆಗೂ ಗದ್ದಲ. ಆಗಸ್ಟ್ ಕೊನೆಯ ಬ್ಯಾಂಕ್ ಹಾಲಿಡೇ (ಸಾರ್ವಜನಿಕ ರಜೆ) ವಾರಾಂತ್ಯ ಎಲ್‌ಜಿಬಿಟಿ ಜನರ ಹಬ್ಬವಾದ ಪ್ರೈಡ್‌ನ ಕಾಲ, ರೂಮಿನ ಬಾಡಿಗೆ ಕೈಗೆಟುಕುವುದಿಲ್ಲ. ವಿಲೇಜ್‌ನಲ್ಲಿ ಕೈ ಹಿಡಿದು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಫುಟ್‌ಬಾಲ್ ಪಂದ್ಯ ಮುಗಿದ ರಾತ್ರಿ ಟ್ರ್ಯಾಮ್‌ನಲ್ಲಿ, ಊರಾಚೆಯ ಬಡಾವಣೆಗಳಲ್ಲಿ ಮಾತ್ರ ಸುತ್ತಮುತ್ತ ನೋಡಿಕೊಂಡಿರಿ.

ದುಬೈ ವಿಷಯ ಬೇರೆ. ಅಲ್ಲಿ ಸಲಿಂಗ ಸಂಬಂಧ ಅಪರಾಧ. ಏರ್‌ಪೋರ್ಟ್ ಒಳಗೇ ವಿಮಾನ ಬದಲಿಸುವ ಜೋಡಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೆ ಮಧ್ಯೆ ಎರಡು ದಿನ ಊರು ಸುತ್ತುವ ಯೋಚನೆ ಇದ್ದರೆ ಡೇಟಿಂಗ್ ಆ್ಯಪ್, ಖಾಸಗಿ ಫೋಟೋ ಎಲ್ಲ ಫೋನ್‌ನಿಂದ ತೆಗೆದುಬಿಡಿ. ದುಡ್ಡು ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ ಎಂದರೆ ಬೆಂಗಳೂರಿನಿಂದ ನೇರ ಲಂಡನ್‌ಗೆ ಹಾರಿ, ಯೂಸ್ಟನ್‌ನಲ್ಲಿ ರೈಲು ಹಿಡಿಯಿರಿ. ಎರಡು ಗಂಟೆ ಚಿಲ್ಲರೆಯ ದಾರಿ, ಇಳಿಯುವುದು ಪಿಕಡಿಲಿಯಲ್ಲೇ.

ಪ್ರಶ್ನೆ: ಓದಲು ಹೊರಟಿದ್ದೇನೆ, ಮಂಗಳೂರಿನವನು. ಕುಡಿಯುವುದಿಲ್ಲ. ಬಾರ್ ಬಿಟ್ಟರೆ ಬೇರೇನೂ ಇಲ್ಲವೇ? ನಮ್ಮ ಬಣ್ಣದವರನ್ನು ಹೇಗೆ ನೋಡುತ್ತಾರೆ?

ಉತ್ತರ: ಬಾರ್‌ನಲ್ಲೂ 'ಲೈಮ್ ಆ್ಯಂಡ್ ಸೋಡಾ' ಹಿಡಿದು ಸಂಜೆಯೆಲ್ಲ ಕಳೆಯಬಹುದು, ಏನೋ ಅಂದುಕೊಳ್ಳುತ್ತಾರೆ ಎಂಬ ಚಿಂತೆ ಬೇಡ. ವಿಶ್ವವಿದ್ಯಾಲಯದ ಎಲ್‌ಜಿಬಿಟಿ ಸೊಸೈಟಿಗೆ, ಅಂದರೆ ಅಂಥ ವಿದ್ಯಾರ್ಥಿಗಳ ಸಂಘಕ್ಕೆ, ಸೆಪ್ಟೆಂಬರ್‌ನಲ್ಲೇ ಸೇರಿಕೊಳ್ಳಿ. ಗೆಳೆಯರು ಸಿಗುವುದು ಅಲ್ಲಿ. ವಿಲೇಜ್‌ಗೆ ಹೊಂದಿಕೊಂಡಂತೆ ಸ್ಯಾಕ್‌ವಿಲ್ ಗಾರ್ಡನ್ಸ್ ಇದೆ. ಅಲ್ಲಿ ಕೈಯಲ್ಲಿ ಸೇಬು ಹಿಡಿದು ಬೆಂಚಿನ ಮೇಲೆ ಕೂತ ಅಲನ್ ಟ್ಯೂರಿಂಗ್ ಪ್ರತಿಮೆಯನ್ನು 2001ರಲ್ಲಿ ಇಟ್ಟರು. ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಆತ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದಾಗಲೇ, 1952ರಲ್ಲಿ, ಗಂಡಸಿನೊಂದಿಗಿನ ಸಂಬಂಧಕ್ಕಾಗಿ ಶಿಕ್ಷೆಗೊಳಗಾದವರು. ಜೈಲಿನ ಬದಲು ಹಾರ್ಮೋನ್ ಚುಚ್ಚಿಸಿಕೊಂಡರು, 1954ರಲ್ಲಿ ತೀರಿಕೊಂಡರು, ರಾಜಮನೆತನದ ಕ್ಷಮೆ ಬಂದದ್ದು 2013ಕ್ಕೆ. ಅವರ ತಂದೆ ನಮ್ಮ ಹಳೇ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ಆ ಬೆಂಚಿನಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಾರೆ, ಮಧ್ಯಾಹ್ನ ಅಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುವವರೂ ಉಂಟು.

ಬಣ್ಣದ ಮಾತು: ಎದುರೆದುರೇ ಅವಮಾನ ಮಾಡುವವರು ಕಡಿಮೆ. ಆ್ಯಪ್‌ಗಳಲ್ಲಿ ಮಾತ್ರ 'ಏಷ್ಯನ್ನರು ಬೇಡ' ಎಂದು ಪ್ರೊಫೈಲಿನಲ್ಲೇ ಬರೆದುಕೊಳ್ಳುವ ಮಹಾನುಭಾವರು ಸಿಗುತ್ತಾರೆ. ಬ್ಲಾಕ್ ಮಾಡಿ ಮುಂದೆ ಹೋಗಿ.

ಪ್ರಶ್ನೆ: ಕಾಂಡೋಮ್ ಹರಿದರೆ ಆ ಊರಲ್ಲಿ ಎಲ್ಲಿಗೆ ಓಡಬೇಕು? ಟೂರಿಸ್ಟ್ ವೀಸಾದವರಿಗೆ ದುಬಾರಿಯೇ?

ಉತ್ತರ: ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಹಗಲಾದರೆ ಲೈಂಗಿಕ ಆರೋಗ್ಯ ಕ್ಲಿನಿಕ್‌ಗೆ, ರಾತ್ರಿಯಾದರೆ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ 'ಪಿಇಪಿ' ಅಂದರೆ ಸಾಕು. ಇಂಗ್ಲೆಂಡಿನಲ್ಲಿ ಲೈಂಗಿಕ ಸೋಂಕಿನ ತಪಾಸಣೆ, ಚಿಕಿತ್ಸೆ ಎರಡೂ ಪ್ರವಾಸಿಗರಿಗೂ ಉಚಿತ. 2012ರಿಂದ ಎಚ್‌ಐವಿ ಚಿಕಿತ್ಸೆಯೂ ಹಾಗೆಯೇ. ಎಚ್‌ಐವಿ ತಗುಲದಂತೆ ಸಂಭೋಗಕ್ಕೆ ಮುಂಚೆಯೇ ತೆಗೆದುಕೊಳ್ಳುವ ಪ್ರೆಪ್ ಮಾತ್ರೆಯನ್ನು ಮಾತ್ರ ಇಲ್ಲಿಂದಲೇ ಒಯ್ಯಿರಿ. ಭಾರತದಲ್ಲಿ ಅದರ ಜೆನೆರಿಕ್ ಸಿಗುತ್ತದೆ. ಡಾಕ್ಟರ ಚೀಟಿ ಜೊತೆಗಿರಲಿ, ಮಾತ್ರೆ ಕೈಚೀಲದಲ್ಲಿರಲಿ, ಚೆಕ್-ಇನ್ ಸೂಟ್‌ಕೇಸ್‌ನಲ್ಲಿ ಬೇಡ.