ಕ್ರೈಸ್ತ ನಂಬಿಕೆಗೆ ತಕ್ಕಂತೆ ಜೀವನದ ಗುರಿ ಇಟ್ಟುಕೊಳ್ಳುವುದು ಹೇಗೆ?

ನಿಮ್ಮ ಕೈಲಾಗುವ ಕೆಲಸವನ್ನು ಗುರಿ ಮಾಡಿಕೊಳ್ಳಿ, ಫಲವನ್ನು ದೇವರಿಗೆ ಬಿಡಿ. ತಾನು ನೆಟ್ಟೆ, ಜೊತೆ ಸೇವಕ ಅಪೊಲ್ಲೋಸ ನೀರು ಹಾಕಿದ, ಬೆಳೆಸಿದ್ದು ದೇವರು ಅಂತ ಯೇಸುವಿನ ಸಂದೇಶ ಸಾರಿದ ಪೌಲ ಬೈಬಲಿನಲ್ಲಿ ಬರೆದಿದ್ದಾನೆ (1 ಕೊರಿಂಥ 3:6). ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕಾಫಿ ಗಿಡಕ್ಕೆ ಗೊಬ್ಬರ ಹಾಕುವುದು ನಮ್ಮ ಕೆಲಸ, ಗಿಡ ಹೂ ಬಿಡಲು ಬೇಕಾದ ಹೂಮಳೆ ನಮ್ಮ ಕೈಲಿಲ್ಲ. ಫಲವನ್ನೇ ಗುರಿ ಮಾಡಿಕೊಂಡರೆ ಒಂದು ಕೆಟ್ಟ ವರ್ಷಕ್ಕೆ ನಂಬಿಕೆಯೂ ಅಲುಗಾಡುತ್ತದೆ.

‘ಒಳ್ಳೆಯ ಕ್ರೈಸ್ತನಾಗುತ್ತೇನೆ’ ಅನ್ನುವುದು ಸುಮ್ನೆ ಮಾತು. ‘ಭಾನುವಾರ ಪೂಜೆ ಮುಗಿಸಿ, ವಿರಾಜಪೇಟೆಯಲ್ಲಿ ಒಂಟಿಯಾಗಿರುವ ಅಜ್ಜಿಗೆ ಬಿ.ಪಿ. ಮಾತ್ರೆ ಕೊಟ್ಟು ಅರ್ಧ ಗಂಟೆ ಕೂತು ಬರುತ್ತೇನೆ’ ಅಂದರೆ ಅದು ಗುರಿ. ಇನ್ನೊಬ್ಬರಿಗೂ ಉಪಯೋಗ ಆಗುತ್ತೆ, ಅಲ್ವಾ?

ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುತ್ತಾನೆ ಅಂತ ಯೇಸು ಹೇಳಿದ್ದು ಲೂಕ 14:28ರಲ್ಲಿದೆ. ಹಾಗಾಗಿ ನಿಮ್ಮ ಸಮಯ, ಶಕ್ತಿ ಲೆಕ್ಕ ಹಾಕಿ, ಕೆಲಸ ಹೆಚ್ಚಿರುವ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಜಾಸ್ತಿ ಹೊತ್ತುಕೊಳ್ಳಬೇಡಿ.