ಟ್ರ್ಯಾಕ್ ಕೆಲಸ ಸರಿ ಮಾಡಿಲ್ಲ ಅಂತ ಅಣ್ಣನಿಗೆ ಎಸ್‌ಎಫ್-5 ಕೊಟ್ಟಿದ್ದಾರೆ, ಆರ್ಬಿಟ್ರೇಷನ್‌ಗೆ ಹೋಗಬಹುದಾ?

ನೋಡಮ್ಮ, ನಿಮ್ಮ ಪ್ರಶ್ನೆ ಓದಿ ಸುಮ್ನೆ ಹೋಗೋಕೆ ಮನಸ್ಸಾಗ್ಲಿಲ್ಲ, ಯಾಕಂದ್ರೆ ಇದೇ ಎಸ್‌ಎಫ್-5, ಅಂದ್ರೆ ರೈಲ್ವೆಯ ದೊಡ್ಡ ಶಿಕ್ಷೆಯ ಚಾರ್ಜ್‌ಶೀಟು, ಒಂದ್ಸಲ ನನ್ನ ಕೈಗೂ ಬಂದಿತ್ತು. ನಿಮ್ಮಣ್ಣ ರೈಲ್ವೆ ಹಳಿ ನೋಡ್ಕೊಳ್ಳೋ ಟ್ರ್ಯಾಕ್ ಮೇಂಟೇನರ್, ಜಾಯಿಂಟ್ ಪ್ಯಾಕಿಂಗ್ (ಹಳಿ ಸೇರೋ ಕಡೆ ಕೆಳಗೆ ಜಲ್ಲಿ ತುಂಬಿ ಬಿಗಿ ಮಾಡೋದು) ಸರಿ ಮಾಡಿಲ್ಲ ಅಂತ ಚಾರ್ಜು, ಕಾಗದ ಬಂದು ಆರು ದಿನ ಆತು, ಅಮೆರಿಕದಲ್ಲಿ ಹೊರಗಿನವ್ರು ಕೂತು ತೀರ್ಮಾನ ಮಾಡ್ತಾರಂತೆ ನಮ್ಮಲ್ಲೂ ಯೂನಿಯನ್ ಹಂಗೆ ಮಾಡಿಸ್ಬಹುದಾ ಅಂತ ಕೇಳೀರಿ.

ಅಮೆರಿಕದ್ದು ನಿಜ. ಅಲ್ಲಿ 1926ರ ರೈಲ್ವೆ ಲೇಬರ್ ಆ್ಯಕ್ಟ್ ಐತಿ, ಅದಕ್ಕೆ 1934ರಲ್ಲಿ ತಿದ್ದುಪಡಿ ಮಾಡಿ ಒಂದು ಬೋರ್ಡ್ ಮಾಡಿದ್ರು, ಕಂಪನಿ ಕಡೆಯವ್ರು ಯೂನಿಯನ್ ಕಡೆಯವ್ರು ಸಮ ಸಮ ಇರ್ತಾರೆ, ಒಮ್ಮತ ಆಗ್ಲಿಲ್ಲ ಅಂದ್ರೆ ಮಧ್ಯಸ್ಥ ಒಬ್ಬ ರೆಫರಿ ಬಂದು ಕೂರ್ತಾನೆ. ನಮ್ಮಲ್ಲಿ ಶಿಸ್ತು ಕ್ರಮಕ್ಕೆ ಅಂಥ ದಾರಿ ಇಲ್ಲ. 1966ರಿಂದ ಜೆಸಿಎಂ ಅಂತ ಸರ್ಕಾರ ಮತ್ತು ನೌಕರರ ಯೂನಿಯನ್ ಕೂತು ಮಾತಾಡೋ ವ್ಯವಸ್ಥೆ ಐತಿ, ಅದ್ರಲ್ಲಿ ಕಡ್ಡಾಯ ಆರ್ಬಿಟ್ರೇಷನ್ ಇರೋದು ಒಂದು ವರ್ಗದ ನೌಕರರ ಸಂಬಳ ಭತ್ಯೆ, ವಾರದ ಕೆಲಸದ ಗಂಟೆ, ರಜೆ ಇಷ್ಟಕ್ಕೇ, ಒಬ್ಬೊಬ್ಬರ ಕೇಸ್ ಅಲ್ಲಿಗೆ ಹೋಗಂಗಿಲ್ಲ. ನಿಮ್ಮಣ್ಣಂದು ಪೂರ್ತಿ 1968ರ ಡಿ ಅಂಡ್ ಎ (ಶಿಸ್ತು ಮತ್ತು ಅಪೀಲು) ರೂಲ್ಸ್ ಪ್ರಕಾರ ನಡೆಯುತ್ತೆ.

ಆದ್ರೆ ಒಂದು ಮಾತು ಮನಸ್ಸಲ್ಲಿಟ್ಕೊಳ್ರಿ. ಅಮೆರಿಕದ ಆ ಬೋರ್ಡ್ ಕೂಡ ಹೊಸ ಸಾಕ್ಷಿ ತಗೊಳ್ಳಲ್ಲ, ಕೆಳಗೆ ಕಂಪನಿ ವಿಚಾರಣೆಯಲ್ಲಿ ಏನು ದಾಖಲಾಗಿತ್ತೋ ಅಷ್ಟನ್ನೇ ನೋಡ್ತೈತಿ. ನಮ್ಮ ಬೆಂಗಳೂರಿನ ಸಿಎಟಿ, ಅಂದ್ರೆ ಕೇಂದ್ರ ಸರ್ಕಾರಿ ನೌಕರರ ಕೇಸ್ ಕೇಳೋ ಟ್ರಿಬ್ಯೂನಲ್, ಅದೂ ಹೆಚ್ಚುಕಮ್ಮಿ ಹಂಗೇ, ಸಾಕ್ಷಿನ ಮತ್ತೆ ತೂಗಿ ನೋಡೋ ಕೆಲಸ ಟ್ರಿಬ್ಯೂನಲ್‌ದಲ್ಲ ಅಂತ 1995ರಲ್ಲೇ ಬಿ.ಸಿ. ಚತುರ್ವೇದಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳೈತಿ. ಅಂದ್ರೆ ಎನ್‌ಕ್ವೈರಿ ಆಫೀಸರ್ ಮುಂದೆ ಈಗ ಫೈಲಿಗೆ ಏನು ಸೇರುತ್ತೋ ಅದೇ ಕೊನೆವರೆಗೂ ನಿಮ್ಮಣ್ಣನ ಜೊತೆ ಬರೋದು, ಇಲ್ಲಿ ಬಿಟ್ಟಿದ್ದು ಮುಂದೆ ಸಿಗಲ್ಲ.

ನಂದು ಹೇಳ್ತೀನಿ. ನಾನು ಹಳಿ ಕೆಲಸದ ಗ್ಯಾಂಗಿನ ಮೇಟ್, ಅಂದ್ರೆ ಮುಖ್ಯಸ್ಥ ಆಗಿದ್ದೆ. ಡ್ರೈವರ್ ಒಬ್ರು ಗಾಡಿ ಜೋರಾಗಿ ಜರ್ಕ್ ಹೊಡೀತು ಅಂತ ರಿಪೋರ್ಟ್ ಕೊಟ್ರು, ಮಾರನೇ ದಿನ ಬಂದು ನೋಡಿದ್ರೆ ಜಾಯಿಂಟ್ ಹತ್ರ ಎರಡು ಸ್ಲೀಪರ್ (ಹಳಿ ಹೊರೋ ಅಡ್ಡ ದಿಮ್ಮಿ) ಕೆಳಗೆ ಟೊಳ್ಳು, ಗಾಡಿ ಬಂದಾಗ ಕೂತು ಏಳ್ತಿದ್ವು, ಜಲ್ಲಿ ಮೇಲೆಲ್ಲ ಬಿಳಿ ಪುಡಿ. ಕೆಲಸ ಕೆಟ್ಟಿತ್ತು, ಅದನ್ನ ನಾನು ಇಲ್ಲ ಅನ್ನಲಿಲ್ಲ. ಕೆಟ್ಟಿತ್ತಾ ಅನ್ನೋದು ಒಂದು, ಕೆಟ್ಟಿದ್ದು ಯಾರಿಂದ ಅನ್ನೋದು ಇನ್ನೊಂದು. ನನ್ನ ಡಿಫೆನ್ಸ್ ಹೆಲ್ಪರ್, ಅಂದ್ರೆ ವಿಚಾರಣೆಯಲ್ಲಿ ನನ್ನ ಪರ ಕೂತೋರು, ರಿಟೈರ್ಡ್ ಹೆಡ್ ಕ್ಲರ್ಕು, ಅವ್ರು ಮೊದಲನೇ ದಿನವೇ ಸ್ಟೇಷನ್‌ನ ಬ್ಲಾಕ್ ರಿಜಿಸ್ಟರು (ಹಳಿ ಕೆಲಸಕ್ಕೆ ಅಂತ ಗಾಡಿ ನಿಲ್ಲಿಸಿ ಕೊಡೋ ಸಮಯದ ದಾಖಲೆ), ಗ್ಯಾಂಗ್ ಮಸ್ಟರು (ಹಾಜರಿ ಪುಸ್ತಕ) ಎರಡೂ ಬೇಕು ಅಂತ ಬರ್ದು ಕೊಟ್ರು. ಎನ್‌ಕ್ವೈರಿ ಆಫೀಸರ್ ಇದಕ್ಕೆ ಸಂಬಂಧ ಇಲ್ಲ ಅಂದ್ರು. ಸರಿ ಸಾರ್, ಯಾಕೆ ಸಂಬಂಧ ಇಲ್ಲ ಅನ್ನೋ ಕಾರಣ ಪ್ರೊಸೀಡಿಂಗ್ಸ್‌ನಲ್ಲಿ ಬರೀರಿ ಅಂತ ಇವ್ರು ಪಟ್ಟು ಹಿಡಿದ್ರು, ಮುಂದಿನ ಸಿಟ್ಟಿಂಗ್‌ಗೆ ರಿಜಿಸ್ಟರ್ ಬಂತು. ನಾವು ಕೇಳಿದ್ದು ಎರಡು ಗಂಟೆ ಬ್ಲಾಕ್, ರಿಜಿಸ್ಟರಲ್ಲಿ 14.10ಕ್ಕೆ ಕೊಟ್ಟು 14.45ಕ್ಕೆ ವಾಪಸ್ ತಗೊಂಡಿದ್ದು ನೀಲಿ ಇಂಕಲ್ಲಿ ಬರ್ದಿತ್ತು, ಮಸ್ಟರಲ್ಲಿ ಅವತ್ತು ಹಾಜರಿದ್ದೋರು ಐದೇ ಜನ. ಐದು ಜನ ಮೂವತ್ತೈದು ನಿಮಿಷದಲ್ಲಿ ಒಂದು ಜಾಯಿಂಟ್ ಬಿಚ್ಚಿ ಪ್ಯಾಕ್ ಮಾಡಿ ಮುಗಿಸೋಕೆ ಆಗುತ್ತಾ ಅಂತ ರೈಲ್ವೆ ಕಡೆ ಸಾಕ್ಷಿಗೇ ಕೇಳಿದ್ವಿ, ಆಗಲ್ಲ ಅಂತ ಅವ್ರೇ ಹೇಳಿದ್ದು ದಾಖಲಾತು. ಕೆಲಸ ಹೋಗುತ್ತೆ ಅಂತ ಮನೇಲಿ ಊಟ ಬಿಟ್ಟಿದ್ರು, ಕೊನೆಗೆ ಸೆನ್ಸೂರ್‌ಗೆ, ಅಂದ್ರೆ ಬರೀ ಛೀಮಾರಿಗೆ ನಿಂತಿತು.

ಅದಕ್ಕೇ ನಿಮ್ಮಣ್ಣ ಈಗ್ಲೇ ಚಾರ್ಜ್ ಒಪ್ಪಲ್ಲ ಅಂತ ಉತ್ತರ ಬರೀಲಿ, ಅದಕ್ಕೆ 10 ದಿನ ಟೈಮು, ಸಾಲದಿದ್ರೆ ಹೆಚ್ಚಿಗೆ ಕೇಳಬಹುದು, ಆದ್ರೆ ಬರವಣಿಗೆಯಲ್ಲೇ ಕೇಳ್ಬೇಕು. ಬಾಯ್ಮಾತಲ್ಲಿ "ತಪ್ಪಾತು ಸಾರ್, ಈ ಸಲ ಬಿಡ್ರಿ" ಅಂತ ಹೇಳಿ ಸೈನ್ ಮಾಡ್ಬ್ಯಾಡ್ರಿ, ಎಷ್ಟೋ ಹುಡುಗ್ರು ಅಲ್ಲೇ ಸಿಕ್ಕಿಹಾಕ್ಕೊಂಡಿದ್ದು ನಾನು ಕಣ್ಣಾರೆ ನೋಡೀನಿ, ಹೊಟ್ಟೆ ಉರಿಯುತ್ತೆ. ಎನ್‌ಕ್ವೈರಿ ರಿಪೋರ್ಟ್ ಕಾಪಿ ಕೊಟ್ಟೇ ಕೊಡ್ಬೇಕು, ಅದಕ್ಕೆ ಉತ್ತರ ಕೊಡೋಕೆ 15 ದಿನ. ಶಿಕ್ಷೆ ಆರ್ಡರ್ ಬಂದ್ರೆ ಅಪೀಲಿಗೆ 45 ದಿನ, ಅದೂ ಮುಗಿದ ಮೇಲೆ ಸಿಎಟಿಗೆ ಒಂದು ವರ್ಷದೊಳಗೆ.

ರಿಟೈರ್ ಆದೋರೂ ಡಿಫೆನ್ಸ್ ಹೆಲ್ಪರ್ ಆಗಿ ಕೂರಬಹುದು. ಆರು ದಿನ ಆಗೈತಿ ಅಂದ್ರೆ ಇನ್ನು ನಾಲ್ಕೇ ದಿನ. ನಾನು ದಾವಣಗೆರೆಯಲ್ಲೇ ಇದೀನಿ, ಚಾರ್ಜ್‌ಶೀಟಲ್ಲಿ ಯಾವ ತಾರೀಖಿನ ಕೆಲಸ ಅಂತ ಹಾಕಿದ್ದಾರೆ, ಅವತ್ತು ಬ್ಲಾಕ್ ಎಷ್ಟೊತ್ತು ಸಿಕ್ಕಿತ್ತು, ಗ್ಯಾಂಗಲ್ಲಿ ಎಷ್ಟು ಜನ ಇದ್ರು ಅಂತ ಅಣ್ಣನ್ನ ಕೇಳಿ ಇವತ್ತೇ ಇಲ್ಲಿ ಬರೀರಿ, ಉತ್ತರ ಹೆಂಗ್ ಬರೀಬೇಕು ಅಂತ ಕೂತು ನೋಡಾಣ.