ಬಿಆರ್‌ಡಿಎಂ-2 ಎಂಬ ಸೇನೆಯ ಕವಚದ ಗಾಡಿ, ಸೇತುವೆ ಇಲ್ಲದೆ ನಮ್ಮ ತುಂಗಭದ್ರೆಯನ್ನು ದಾಟಬಲ್ಲದಾ?

ನೀರು ನಿಂತಿದ್ದರೆ ಆರಾಮಾಗಿ ದಾಟುತ್ತದೆ. ಮುನಿರಾಬಾದ್ ಅಣೆಕಟ್ಟೆಯ ಹಿನ್ನೀರಿನಂಥ ಕಡೆ ತೊಂದರೆಯೇ ಇಲ್ಲ. ಆನೆಗೊಂದಿ ಹತ್ತಿರ ಮಾತ್ರ ಕಷ್ಟ.

ಇದು ಸೋವಿಯತ್ ಒಕ್ಕೂಟ 1960ರ ದಶಕದಲ್ಲಿ ತಂದ ಗಸ್ತು ಗಾಡಿ. ಶತ್ರು ಎಲ್ಲಿದ್ದಾನೆ ಎಂದು ಮುಂದೆ ಹೋಗಿ ನೋಡಿ ಬರುವುದೇ ಇದರ ಕೆಲಸ. ಭಾರತೀಯ ಸೇನೆಯೂ ಬಳಸಿದೆ. ಒಳಗೆ 4 ಜನ, ಮೇಲೆ 14.5 ಮಿ.ಮೀ. ಮಷಿನ್ ಗನ್.

ತೂಕ ಸುಮಾರು 7 ಟನ್. ಇಷ್ಟು ಭಾರದ ಉಕ್ಕು ಮುಳುಗಬೇಕಲ್ವಾ? ಇಲ್ಲ. ಹರಿಗೋಲಿನ ಹಾಗೆ ಒಳಗೆಲ್ಲ ಟೊಳ್ಳು, ಹೊರಗಿನಿಂದ ಭದ್ರ. ಸುಮಾರು 7 ಘನ ಮೀಟರ್ ನೀರನ್ನು ಪಕ್ಕಕ್ಕೆ ತಳ್ಳಿದರೆ ಸಾಕು, ತೇಲುತ್ತದೆ. ನೀರಿಗಿಳಿಯುವ ಮುನ್ನ ಮೂತಿಯ ಮುಂದೆ ಒಂದು ಹಲಗೆ ಎತ್ತುತ್ತಾರೆ, ಅಲೆ ಮೇಲೆ ನುಗ್ಗಬಾರದು ಅಂತ. ಹಿಂದಿನ ವಾಟರ್ ಜೆಟ್ ನೀರನ್ನು ಎಳೆದು ಹಿಂದಕ್ಕೆ ಚಿಮ್ಮಿಸುತ್ತದೆ, ಗಾಡಿ ಮುಂದೆ ಸಾಗುತ್ತದೆ. ವೇಗ ಗಂಟೆಗೆ 10 ಕಿ.ಮೀ. ಅಷ್ಟೇ. ಅಣೆಕಟ್ಟೆಯ ಗೇಟು ತೆರೆದಾಗ ಹೊಳೆಯ ಸೆಳೆತಕ್ಕೆ ಇದು ಸಾಲದು. ಆನೆಗೊಂದಿಯಲ್ಲಿ ಬಂಡೆಗಳೂ ಜಾಸ್ತಿ.

ನನಗೆ ತುಂಬಾ ಹಿಡಿಸಿದ್ದು ಚಕ್ರಗಳ ಕೆಲಸ. ಡ್ರೈವರ್ ಕೂತಲ್ಲಿಂದಲೇ ಟೈರಿನ ಗಾಳಿ ಇಳಿಸಬಹುದು, ತುಂಬಬಹುದು. ರಾಯಚೂರು ಕಡೆಯ ಎರೆ ಹೊಲ ಮಳೆಯಲ್ಲಿ ನೆನೆದಾಗ ಹೇಗಿರುತ್ತದೆ ಗೊತ್ತಲ್ಲ, ಅಂಥ ಕೆಸರಲ್ಲಿ ಗಾಳಿ ಇಳಿಸಿದ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಹೊಟ್ಟೆಯ ಕೆಳಗೆ ಇನ್ನೂ 4 ಸಣ್ಣ ಚಕ್ರಗಳಿವೆ. ಕಂದಕ ಬಂದಾಗ ಅವನ್ನು ಕೆಳಗಿಳಿಸಿ ದಾಟುತ್ತಾರೆ.

ಕವಚ ಮಾತ್ರ ತೆಳು. ಬಂದೂಕಿನ ಗುಂಡು ತಡೆಯುತ್ತದೆ, ಟ್ಯಾಂಕಿನ ಗುಂಡು ತಡೆಯಲ್ಲ.